ಹೊಗಳಿಕೆಯ ಎರಡನೇ ವಾರ

ಮನಃಶಾಸ್ತ್ರದ ಲೋಕವನ್ನೇ ನಡುಗಿಸಬೇಕೆಂದು ನಾನು ತೀರ್ಮಾನಿಸಿದ್ದು ಬಟ್ಟೆ ಒಣಹಾಕುವಾಗ. ನಲವತ್ತಾರನೇ ವಯಸ್ಸಿನಲ್ಲಿ ಅಂಚೆ ಮೂಲಕ ಪದವಿಗೆ ಸೇರಿದ ವಿದ್ಯಾರ್ಥಿನಿ ನಾನು. "ಒಂದು ಸರಳ ಪ್ರಯೋಗ ಮಾಡಿ ಕಳಿಸಿ" ಎಂದು ಮೇಡಂ ಹೇಳಿದ್ದರು. ಉಳಿದ ವಿದ್ಯಾರ್ಥಿಗಳು ಗೆಳೆಯರಿಗೆ ಇಪ್ಪತ್ತು ಪದ ಬಾಯಿಪಾಠ ಮಾಡಿಸುವಂಥ ಜುಜುಬಿ ಪ್ರಯೋಗ ಆರಿಸಿಕೊಂಡರು. ನಾನು ಹಾಗಲ್ಲ! ನನ್ನ ಪ್ರಶ್ನೆ ಇಡೀ ಮನುಕುಲದ್ದು: ಹೊಗಳಿದರೆ ಗಂಡಸು ಹೆಚ್ಚು ಕೆಲಸ ಮಾಡುತ್ತಾನೆಯೇ?

ಮನುಕುಲದ ಪ್ರತಿನಿಧಿ ನನ್ನ ಗಂಡ. ಅವರು ಗಡಿಯಾರ ರಿಪೇರಿ ಮಾಡುವವರು. ಸಾಸಿವೆ ಕಾಳಿನಷ್ಟು ಚಕ್ರವನ್ನು ಉಸಿರು ಬಿಗಿಹಿಡಿದು ಕೂರಿಸುವ ಕಣ್ಣಿಗೆ ಸೋಫಾದ ಮೇಲಿನ ಬಟ್ಟೆಯ ಬೆಟ್ಟ ಮಾತ್ರ ಬೀಳುವುದಿಲ್ಲ.

ಯೋಜನೆ ಸಿದ್ಧವಾಯಿತು. ಮೊದಲ ವಾರ ಸುಮ್ಮನಿದ್ದು, ಅವರು ಮಡಿಸಿದ ಬಟ್ಟೆ ಎಣಿಸುವುದು. ಎರಡನೇ ವಾರ ಹೊಗಳಿ ಎಣಿಸುವುದು. ಉದ್ದೇಶ ಅವರಿಗೆ ಗೊತ್ತಾಗಬಾರದು, ಆದರೆ ಒಪ್ಪಿಗೆ ಪತ್ರ ಬೇಕು. ಗ್ಯಾಸ್ ಸಿಲಿಂಡರಿನ ಕಾಗದದ ಜೊತೆ ಸೇರಿಸಿ ಸಹಿ ಹಾಕಿಸಿಕೊಂಡೆ. ನಾನು ಬೆರಳಿಟ್ಟ ಕಡೆ ಸಹಿ ಹಾಕುವುದು ಅವರಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ.

ಮೊದಲ ವಾರದ ಒಟ್ಟು: ನಾಲ್ಕು. ಅದರಲ್ಲಿ ಮೂರು ಅವರದೇ ಕರವಸ್ತ್ರ.

ಎರಡನೇ ಸೋಮವಾರ ಅವರು ಒಂದು ಟವೆಲ್ ಮಡಿಸಿದರು.

"ರೀ, ಎಷ್ಟು ಚೆನ್ನಾಗಿ ಮಡಿಸಿದ್ದೀರಿ!"

ಟವೆಲ್ ಕೈಜಾರಿತು. "ನಿಮ್ಮಮ್ಮ ಬರ್ತಿದ್ದಾರಾ?"

"ಇಲ್ಲಪ್ಪ."

"ಎಷ್ಟು ದಿನಕ್ಕೆ?"

ಮಂಗಳವಾರ ಹನ್ನೊಂದು ಬಟ್ಟೆ! "ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು" ಎಂದೆ. ಅವರು ತಮ್ಮ ಹಣೆ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನದನ್ನೂ ಮುಟ್ಟಿದರು. ಬುಧವಾರ ಹದಿನಾರು, ಬೀರುವಿನಲ್ಲಿ ಮಡಿಸಿಟ್ಟಿದ್ದನ್ನೂ ತೆಗೆದು ಮತ್ತೆ ಮಡಿಸಿದರು. ನನ್ನ ಗ್ರಾಫು ಏಣಿಯಂತೆ ನೆಟ್ಟಗೆ ನಿಂತಿತು.

ಆ ಸಂಜೆ ಅವರು ಮೆಲ್ಲಗೆ ಕೇಳಿದರು: "ಹೋದ ತಿಂಗಳು ನನ್ನ ರಕ್ತ ಪರೀಕ್ಷೆ ಆಯ್ತಲ್ಲ, ರಿಪೋರ್ಟು ತಂದಿದ್ದು ನೀನೇ ಅಲ್ವಾ?"

"ಹೌದು. ಎಲ್ಲಾ ಚೆನ್ನಾಗಿದೆ."

"ಮೂರು ದಿನದಿಂದ ನೀನು ಎಲ್ಲದಕ್ಕೂ ಚೆನ್ನಾಗಿದೆ ಅಂತಾನೇ ಹೇಳ್ತಿದ್ದೀಯ."

ನಿಜ ಹೇಳಿದರೆ ಪ್ರಯೋಗ ಕೆಡುತ್ತದೆ. ವಿಜ್ಞಾನಕ್ಕಾಗಿ ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು ಅವರಿಗೆ.

ಗುರುವಾರ ಇಪ್ಪತ್ತೆರಡು ಬಟ್ಟೆ. ಮಡಿಸುತ್ತಲೇ ಹೇಳಿದರು: "ಅಂಗಡಿ ಬೀಗದ ಕೈ ಎರಡನೇ ಡ್ರಾಯರಲ್ಲಿದೆ. ಟೀಚರಮ್ಮನ ಗೋಡೆ ಗಡಿಯಾರ ರೆಡಿಯಾಗಿದೆ, ತಲುಪಿಸಿಬಿಡು. ಏನೇ ಆದ್ರೂ ನೀನು ಓದು ನಿಲ್ಲಿಸಬೇಡ ಕಣೇ."

ನನ್ನ ಕಣ್ಣು ತುಂಬಿ ಬಂತು. ಆದರೂ ಪುಸ್ತಕ ತೆಗೆದು 'ಇಪ್ಪತ್ತೆರಡು' ಎಂದು ಬರೆದೆ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ಅತ್ತಿಗೆ! ನನ್ನ ಗಂಡನ ಅಕ್ಕ. ರಾತ್ರಿಯೇ ಇವರು ಫೋನ್ ಮಾಡಿದ್ದರಂತೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಒದ್ದೆ ಕರವಸ್ತ್ರ.

"ಯಾವ ಕಾಯಿಲೆನೋ ನಿಂಗೆ?"

"ಇವಳು ಬಾಯಿ ಬಿಡ್ತಿಲ್ಲ ಅಕ್ಕ. ಬರೀ ಹೊಗಳ್ತಾಳೆ."

"ಹೊಗಳ್ತಾಳಾ?" ಅತ್ತಿಗೆ ಕುರ್ಚಿಗೆ ಕುಸಿದರು. "ಅಯ್ಯೋ, ಅಷ್ಟು ಮುಂದುವರಿದಿದೆಯಾ!"

ಇನ್ನು ತಡೆಯಲಾಗಲಿಲ್ಲ. ಪುಸ್ತಕ, ಗ್ರಾಫು, ಒಪ್ಪಿಗೆ ಪತ್ರ, ರಕ್ತದ ರಿಪೋರ್ಟು ಎಲ್ಲವನ್ನೂ ಮೇಜಿನ ಮೇಲೆ ಹರಡಿ ತಪ್ಪೊಪ್ಪಿಕೊಂಡೆ. ಮೇಡಂಗೆ ಫೋನ್ ಮಾಡಿ ಸಾಕ್ಷಿ ಹೇಳಿಸಿದೆ. ಎಲ್ಲ ಕೇಳಿದ ಮೇಡಂ, "ನೀವು ಅಳೆದದ್ದು ಹೊಗಳಿಕೆಯ ಪರಿಣಾಮವನ್ನಲ್ಲಮ್ಮ, ಸಾವಿನ ಭಯವನ್ನ" ಎಂದು ಫೋನಿಟ್ಟರು.

ನನ್ನ ಗಂಡ ಗ್ರಾಫನ್ನು ಬಹಳ ಹೊತ್ತು ನೋಡಿದರು. "ಅಂದ್ರೆ ನಾನು ಸಾಯ್ತಿಲ್ಲ?"

"ಇಲ್ಲಾ ರೀ."

"ಅಂದ್ರೆ, ಬಟ್ಟೆ ಮಡಿಸಿದ್ದೂ ಚೆನ್ನಾಗಿರಲಿಲ್ಲ."

"ಆ ಟವೆಲ್ ನಿಜವಾಗ್ಲೂ ಚೆನ್ನಾಗಿತ್ತು ರೀ" ಎಂದೆ. ಯಾರೂ ನಂಬಲಿಲ್ಲ.

ಅತ್ತಿಗೆಯಂತೂ ರಿಪೋರ್ಟನ್ನೇ ನಂಬಲಿಲ್ಲ. "ಕಾಗದದಲ್ಲಿ ಏನು ಬೇಕಾದ್ರೂ ಬರೀತಾರೆ. ನನ್ನ ತಮ್ಮನ್ನ ಬಿಟ್ಟು ಹೋಗಲ್ಲ" ಎಂದು ಕಣ್ಣೊರೆಸುತ್ತಾ ಕುಳಿತೇಬಿಟ್ಟರು. ಮಾಡಲು ಏನೂ ತೋಚದೆ ನನ್ನ ಗಂಡ ಒಂದು ಅಂಗಿ ಎತ್ತಿಕೊಂಡು ಮಡಿಸತೊಡಗಿದರು. ಗುಂಡಿ ಹಾಕಲಿಲ್ಲ, ಒಂದು ತೋಳು ಹೊರಗೆ ನೇತಾಡುತ್ತಿತ್ತು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

"ಇದು ಮಡಿಸಿದ್ದಾ, ಉಂಡೆ ಕಟ್ಟಿದ್ದಾ? ಇಪ್ಪತ್ತೆರಡು ವರ್ಷದಿಂದ ಬಡ್ಕೋತಿದ್ದೀನಿ, ತೋಳು ಒಳಗೆ, ತೋಳು ಒಳಗೆ ಅಂತ! ಗೋಡೆಗೆ ಹೇಳಿದ್ರೆ ಅದಾದ್ರೂ ಮಡಿಸ್ತಿತ್ತು!"

ನನ್ನ ಗಂಡನ ಮುಖದಲ್ಲಿ ಐದು ದಿನದ ಮೇಲೆ ಮೊದಲ ಸಲ ನಗು ಮೂಡಿತು.

ಅತ್ತಿಗೆ ಕರವಸ್ತ್ರವನ್ನು ಬ್ಯಾಗಿಗೆ ಹಾಕಿಕೊಂಡು ಎದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಇಷ್ಟು ಹೊತ್ತೂ ಇದನ್ನ ಹೇಳೋಕೆ ಏನಾಗಿತ್ತೇ ನಿಂಗೆ? ದೇವರು ದೊಡ್ಡವನು, ನನ್ನ ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ! ಮಧ್ಯಾಹ್ನದ ಬಸ್ಸು ಎಷ್ಟೊತ್ತಿಗೆ?"