ಉಡಿಯಲ್ಲಿ ಹೋದ ಹಾರ್ಡ್ ಡ್ರೈವ್

ಇನ್ನು ಮುಂದೆ ನಮ್ಮ ಮನೆಗೆ ವೈರು ಇರುವ ಯಾವ ವಸ್ತು ಬರುವುದಿದ್ದರೂ ಅದನ್ನು ಆರಿಸುವವಳು ನಾನೇ ಎಂದು ಈ ಬೇಸಿಗೆಯಲ್ಲಿ ಘೋಷಿಸಿಬಿಟ್ಟೆ! ಬರೀ ಬಾಯಿಮಾತಲ್ಲ, ಡೈರಿಯಲ್ಲಿ ಕೆಂಪು ಪೆನ್ನಿನಿಂದ ಬರೆದು ಕೆಳಗೆ ಸಹಿಯನ್ನೂ ಹಾಕಿದೆ. ನನ್ನ ಗಂಡ ಹಂಪೇಶ್ ಅಗ್ಗಕ್ಕೆ ಸಿಕ್ಕಿತೆಂದು ಹೋದ ವರ್ಷ ತಂದ ಕೂಲರು ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುತ್ತದೆ. ಅದರ ಮುಂದೆ ಕೂತು ‘ಚಹಾ ಬೇಕಾ’ ಎಂದು ಕೇಳಿದರೆ ಬಳ್ಳಾರಿಯ ನಮ್ಮ ಪಾರ್ವತಿನಗರದಲ್ಲಿ ಮೂರನೇ ಮನೆಯವರು ‘ಬೇಕು’ ಅನ್ನುತ್ತಾರೆ.

ಘೋಷಣೆಗೆ ಕಾರಣ ನನ್ನ ಮಗಳು ಚಿನ್ನಿ. ಅವಳಿಗೆ ಎರಡು ವರ್ಷ ತುಂಬುತ್ತಿತ್ತು. ಅಷ್ಟರಲ್ಲಿ ಅವಳು ಸೀನಿದ್ದು, ಆಕಳಿಸಿದ್ದು, ಮೊದಲ ಹೆಜ್ಜೆ ಇಟ್ಟು ನೇರ ಜೋಳದ ಡಬ್ಬಿಗೆ ಹಣೆ ಬಡಿದುಕೊಂಡಿದ್ದು, ಎಲ್ಲವನ್ನೂ ನಾನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಸಿರುಗುಪ್ಪದ ಹತ್ತಿರ ರಾರಾವಿಯಲ್ಲಿ ನನ್ನ ತವರು. ಭಾನುವಾರ ಅಲ್ಲಿ ಅವಳ ಹುಟ್ಟುಹಬ್ಬ. ಅಪ್ಪ ದೊಡ್ಡ ಟಿವಿ ತಂದಿದ್ದರು. ಅದರಲ್ಲಿ ಚಿನ್ನಿಯ ಎರಡು ವರ್ಷವನ್ನು ಇಡೀ ಓಣಿಗೆ ತೋರಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆಗಲೇ ಫೋನು ಜಾಗವಿಲ್ಲ ಎಂದು ಕೈ ಎತ್ತಿತು.

ಫೋಟೋ, ವಿಡಿಯೋ ತುಂಬಿಡಲು ಏನಾದರೂ ಬೇಕೆಂದಾಗ ಅಂಗಡಿಯವರು ಎರಡು ಹಾರ್ಡ್ ಡ್ರೈವ್ ಮುಂದಿಟ್ಟರು. ಒಂದು ಸಾದಾ, ಒಳಗೆ ತಟ್ಟೆ ತಿರುಗುತ್ತದೆ, ನಿಧಾನ. ಇನ್ನೊಂದು ಎಸ್‌ಎಸ್‌ಡಿ, ಒಳಗೆ ತಿರುಗುವುದು ಏನೂ ಇಲ್ಲ, ವೇಗ ಮಾತ್ರ ಮಿಂಚು, ಬೆಲೆ ಎರಡು ಪಟ್ಟಿಗೂ ಮೇಲೆ.

“ಸಾದಾದು ಸಾಕು ಬಿಡು,” ಎಂದರು ಹಂಪೇಶ್. “ಫೋಟೋ ಹಾಕಿ ಇಡೋದಷ್ಟ. ಅದೇನು ರೇಸಿಗೆ ಓಡಬೇಕೇನು?”

“ಸಾದಾದು ಕೈಜಾರಿ ಬಿದ್ರ ಒಳಗಿನ ತಟ್ಟಿ ಕೆಟ್ಟು ಹೋಗ್ತೈತಂತ್ರಿ. ನಮ್ಮ ಮನ್ಯಾಗ ಎಲ್ಲಾ ಬೀಳಸಾಕ ಅಂತನ ಒಬ್ಬಾಕಿ ಹುಟ್ಯಾಳ.”

“ಮ್ಯಾಲ ಇಟ್ರಾತು.”

“ಮ್ಯಾಲ ಇಟ್ಟಿದ್ದ ನಿಮ್ಮ ಕನ್ನಡಕ ಎಲ್ಲೈತ್ರಿ?”

ಹಂಪೇಶ್ ಕನ್ನಡಕವಿಲ್ಲದ ಕಣ್ಣನ್ನು ಉಜ್ಜಿಕೊಂಡು ಪಾಕೀಟು ತೆಗೆದರು. ಎಸ್‌ಎಸ್‌ಡಿ ನಮ್ಮ ಮನೆಗೆ ಬಂತು.

ಫೋನು, ಲ್ಯಾಪ್‌ಟಾಪು, ಡ್ರೈವು ಮೂರನ್ನೂ ವೈರಿನಿಂದ ಕಟ್ಟಿ ಅಡುಗೆಮನೆಯಲ್ಲೇ ಯಜ್ಞಕ್ಕೆ ಕೂತೆ. ಕಾಪಿ ಮಾಡಿದರೆ ಫೋನಿನಲ್ಲೂ ಉಳಿಯುತ್ತದೆ, ಜಾಗ ಎಲ್ಲಿ ಸಿಕ್ಕಂತಾಯಿತು? ಹಾಗಾಗಿ ಎಲ್ಲವನ್ನೂ ಫೋನಿನಿಂದ ಕಿತ್ತು ಡ್ರೈವಿಗೇ ಸಾಗಿಸತೊಡಗಿದೆ. ಅಬ್ಬಾ, ಆ ವೇಗವೇ! ಅಕ್ಕಿ ತೊಳೆದು ಒಲೆಗೆ ಇಡುವುದರೊಳಗೆ ಚಿನ್ನಿಯ ನಾಮಕರಣ ಮುಗಿದು ಹಲ್ಲು ಬಂದಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಿಧಾನವಾಯಿತು. ಮುಟ್ಟಿ ನೋಡಿದರೆ ಡ್ರೈವು ರೊಟ್ಟಿ ಹಂಚಿನಂತೆ ಸುಡುತ್ತಿತ್ತು. ಬಿಸಿಯಾದರೆ ವೇಗ ಇಳಿಯುತ್ತದೆ, ತಂಪಾದ ಜಾಗದಲ್ಲಿಡಿ ಎಂದು ಅದರ ಡಬ್ಬಿಯ ಮೇಲೇ ಬರೆದಿತ್ತು. ಬರೆದವರು ಮೇ ತಿಂಗಳಲ್ಲಿ ಬಳ್ಳಾರಿಗೆ ಬಂದಿರಲಿಕ್ಕಿಲ್ಲ.

ಆದರೆ ನಮ್ಮ ಮನೆಯಲ್ಲೂ ಒಂದು ತಂಪಾದ ಜಾಗವಿದೆ. ಅಡುಗೆಮನೆಯ ಮೂಲೆಯಲ್ಲಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಕೆಳಗಿನ ಹಸಿ ಉಸುಕು. ನಮ್ಮತ್ತೆ ಕೊಟ್ರಮ್ಮನವರಿಗೆ ಫ್ರಿಜ್ಜಿಗಿಂತ ಅದರ ಮೇಲೆಯೇ ನಂಬಿಕೆ. ನಿಂಬೆಹಣ್ಣು, ಮಲ್ಲಿಗೆ ಮೊಗ್ಗು, ಕೊತ್ತಂಬರಿ ಎಲ್ಲಾ ಅಲ್ಲೇ ಇರುತ್ತವೆ. ಒಂದು ವೀಳ್ಯದೆಲೆ ಹಾಸಿ, ಅದರ ಮೇಲೆ ಡ್ರೈವನ್ನು ಮಲಗಿಸಿದೆ. ವೇಗ ಮತ್ತೆ ಜಿಗಿಯಿತು! ವಿಜ್ಞಾನಕ್ಕೆ ನನ್ನ ಕಾಣಿಕೆ ಇದು ಎಂದು ಹಿಗ್ಗಿದೆ. ಕೆಲಸ ಮುಗಿಯಿತು, ವೈರು ಕಿತ್ತೆ, ಪಾಪ ಇನ್ನಷ್ಟು ಆರಲಿ ಎಂದು ಅಲ್ಲೇ ಬಿಟ್ಟು ಅನ್ನ ಇಳಿಸಲು ತಿರುಗಿದೆ. ಅಮ್ಮ ಅದನ್ನು ತಂಪು ಮಾಡುತ್ತಿದ್ದಾಳೆ ಎಂಬುದು ಚಿನ್ನಿಗೆ ಅರ್ಥವಾಗಿತ್ತು. ಒಂದು ಲೋಟ ನೀರು ತಂದು ಅದರ ನೆತ್ತಿಗೆ ಹೊಯ್ದಳು. ಹೊಯ್ದು “ಜೋಜೋ” ಎಂದಳು.

ಡ್ರೈವನ್ನು ಥಟ್ಟನೆ ಎತ್ತಿಕೊಂಡೆ. ಒರೆಸಿದೆ, ಊದಿದೆ, ಮುಂದೇನು ಎಂದು ಯೋಚಿಸಿದೆ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡುತ್ತಾರಲ್ಲ! ಅಕ್ಕಿಯ ದೂಳು ಒಳಗೆ ಹೋಗದಿರಲಿ ಎಂದು ಬೀರುವಿನಲ್ಲಿದ್ದ ಹೊಸ ಕುಪ್ಪಸದ ಬಟ್ಟೆ, ಅಂದರೆ ಕಣ ತಂದು, ಬಾಣಂತಿ ಕೂಸನ್ನು ಸುತ್ತುವ ಹಾಗೆ ಡ್ರೈವನ್ನು ಸುತ್ತಿ ಗಂಟು ಹಾಕಿ, ರಾರಾವಿಯ ಅಕ್ಕಿ ತುಂಬಿದ್ದ ಸ್ಟೀಲ್ ಡಬ್ಬಿಯಲ್ಲಿ ಹೂತೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹಂಪೇಶ್ ಏನನ್ನುತ್ತಾರೆ ಎಂಬುದು ಗೊತ್ತಿತ್ತು.

ಆಗ ಮನೆಯಲ್ಲಿ ನನ್ನ ನಾದಿನಿ ಜಂಬಕ್ಕನೂ ಇದ್ದರು. ಹಂಪೇಶರ ಅಕ್ಕ, ಕುರುಗೋಡಿಗೆ ಕೊಟ್ಟ ಹೆಣ್ಣುಮಗಳು, ತವರಿಗೆಂದು ಬಂದವರು. ಮರುದಿನ ಬೆಳಿಗ್ಗೆ ನಾನು ಚಿನ್ನಿಗೆ ಎರೆಯುತ್ತಿದ್ದಾಗ ಬಚ್ಚಲ ಬಾಗಿಲಲ್ಲೇ ಹೇಳಿ ಬಸ್ಸಿಗೆ ಹೊರಟುಹೋದರು. ಕೂಸನ್ನು ಒರೆಸಿಕೊಂಡು ಬಂದು ಡಬ್ಬಿಗೆ ಕೈ ಹಾಕಿದೆ. ಅಕ್ಕಿ ತಳ ಕಂಡಿತ್ತು. ಗಂಟು ಇರಲಿಲ್ಲ.

“ಅತ್ತಿ, ಈ ಡಬ್ಬ್ಯಾಗ ಒಂದು ಗಂಟಿತ್ತಲ್ರಿ?”

“ಕಣದ ಗಂಟೇನು? ಹೊಂಟ ಮಗಳ ಉಡಿ ತುಂಬಬೇಕಲ್ಲ, ಜಂಬಿ ಸೆರಗಿನ್ಯಾಗ ಹಾಕಿದೆ. ಅಕ್ಕಿ, ಹೊಸಾ ಕಣ, ಒಳಗ ಕೊಬ್ಬರಿ ಬಟ್ಲ. ನೀ ಎಷ್ಟು ಚಂದ ತಯಾರಿ ಮಾಡಿಟ್ಟಿದ್ದೆ ತಾಯಿ. ಇಂಥಾ ಸೊಸಿ ಯಾರಿಗೆ ಸಿಗ್ತಾಳ ಅಂತ ಜಂಬಿ ಮುಂದನೂ ಹೇಳಿದೆ.”

“ಅದು ಕೊಬ್ಬರಿ ಅಲ್ರಿ ಅತ್ತಿ. ಅದರಾಗ ಚಿನ್ನಿ ಅದಾಳ.”

“ಚಿನ್ನಿ ನಿನ್ನ ಬಗಲಾಗ ಅದಾಳಲ್ಲ, ಏನಾಗೈತಿ ನಿನಗ?”

ಜಂಬಕ್ಕನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಅತ್ತೆ ಸಮಾಧಾನ ಮಾಡಿದರು: “ಬಸ್ಸಿನ್ಯಾಗ ಕೇಳಸಂಗಿಲ್ಲ. ಉಡಿ ಅಕ್ಕಿ ಭಾಳ ದಿನ ಇಡಬಾರದು, ಮನಿ ಮುಟ್ಟಿದ ಕೂಡಲೇ ಕುಕ್ಕರಿಗೆ ಹಾಕಿ ಹುಗ್ಗಿ ಮಾಡು ಅಂದೀನಿ.”

ನನ್ನ ಮಗಳ ಎರಡು ವರ್ಷ ಕುಕ್ಕರಿನಲ್ಲಿ ಬೆಲ್ಲದ ಜೊತೆ ಸೀಟಿ ಹೊಡೆಯುವುದು ಕಣ್ಣಿಗೆ ಕಟ್ಟಿತು. ಆ ಮೊದಲ ಹೆಜ್ಜೆ ಇನ್ನೆಲ್ಲೂ ಇರಲಿಲ್ಲ. ಮತ್ತೊಮ್ಮೆ ಮೊದಲ ಹೆಜ್ಜೆ ಇಡು ಎಂದು ಯಾರಿಗೆ ಹೇಳಲಿ? ಹಂಪೇಶರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಲ್ಯಾಪ್‌ಟಾಪನ್ನು ಬೆನ್ನಿಗೆ, ಚಿನ್ನಿಯನ್ನು ನಡುವೆ ಹಾಕಿಕೊಂಡು ಬೈಕ್ ಹತ್ತಿದೆ. ಕುರುಗೋಡಿನ ದಾರಿಯಲ್ಲಿ ಕೊಳಗಲ್ಲು ದಾಟಿದ ಮೇಲೆ ಅವರು ಕತ್ತು ಹಿಂದಕ್ಕೆ ತಿರುಗಿಸಿದರು.

“ಫಾಸ್ಟ್ ಐತಿ ಅಂದಿದ್ದೆ. ನಮ್ಮ ಬೈಕಿಗೂ ಸಿಗಂಗಿಲ್ಲ ಅಂತ ಹೇಳಿರಲಿಲ್ಲಲ್ಲ?”

ಜಂಬಕ್ಕನ ಅಂಗಳಕ್ಕೆ ಕಾಲಿಡುವಾಗಲೇ ಒಳಗೆ ಕುಕ್ಕರು ಕೂಗಿತು. ಚಪ್ಪಲಿಯಲ್ಲೇ ನುಗ್ಗಿ ಒಲೆ ಆರಿಸಿದೆ. ಜಂಬಕ್ಕ ಸೌಟು ಹಿಡಿದೇ ನಿಂತರು.

“ಯಾಕ ಪಂಪಾ? ಇದ ಮುಂಜಾನೆ ನಿಮ್ಮ ಮನ್ಯಾಗಿಂದ ಬಂದೀನಿ, ಅಷ್ಟ್ರಾಗ ನೆನಪಾದೆನೇನು?”

“ಅಕ್ಕಾ, ಉಡ್ಯಾಗ ಗಂಟಿತ್ತಲ್ಲ...”

“ಓ, ಅದಾ? ದೇವರ ಮುಂದ ಐತಿ. ನನ್ನ ತಮ್ಮ ಬಾಯಿಬಿಟ್ಟು ಹೇಳದ ಕಣದಾಗ ಮುಚ್ಚಿ ಕೊಟ್ಟಾನ ಅಂದ್ರ ಬೆಲಿಬಾಳೋದ ಇರಬೇಕು ಅಂತ ಪೂಜೆ ಮಾಡಿಟ್ಟೀನಿ. ಖರೇ ಹೇಳಲೇ ಹಂಪ್ಯಾ, ಏನದು? ಹಾಡು ಕೇಳೋದೇನು?”

ದೇವರ ಜಗಲಿಯ ಮೇಲೆ ಮೂರು ಬೆರಳ ವಿಭೂತಿ ಧರಿಸಿ, ಮಲ್ಲಿಗೆ ಮುಡಿದು ಕೂತಿತ್ತು ನನ್ನ ಎಸ್‌ಎಸ್‌ಡಿ. ಲ್ಯಾಪ್‌ಟಾಪಿಗೆ ಹಚ್ಚಿದೆ. ನೀಲಿ ದೀಪ ಮಿಣುಕಿತು. ತೆರೆಯ ಮೇಲೆ ಚಿನ್ನಿ ಎದ್ದು ನಿಂತಳು, ವಾಲಿದಳು, ಒಂದು ಹೆಜ್ಜೆ ಇಟ್ಟಳು, ಜೋಳದ ಡಬ್ಬಿಗೆ ಢಣ್ ಎಂದು ಬಡಿದಳು. ನಾನು ಅತ್ತುಬಿಟ್ಟೆ. ಚಿನ್ನಿ ಚಪ್ಪಾಳೆ ತಟ್ಟಿದಳು.

ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದೆ. ಇಂಥ ಗಳಿಗೆ ಸಂಸಾರದಲ್ಲಿ ಪದೇ ಪದೇ ಬರುವುದಿಲ್ಲ.

“ನೋಡಿದ್ರ್ಯಾ? ನೀರು ಕುಡೀತು, ಅಕ್ಕ್ಯಾಗ ಮಲಗಿತು, ಬಸ್ಸಿನ್ಯಾಗ ಕುಲುಕಾಡಿತು, ವಿಭೂತಿನೂ ಹಚ್ಚಿಸ್ಕೊಂತು. ನಿಮ್ಮ ಸಾದಾದು ಆಗಿದ್ರ ಉಳೀತಿತ್ತೇನ್ರಿ? ಜಾಸ್ತಿ ಕೊಟ್ಟಿದ್ದು ಸಾರ್ಥಕ ಆತೋ ಇಲ್ಲೋ?”

“ಆತು ಬಿಡವ್ವ,” ಎಂದರು ಹಂಪೇಶ್. ಒಪ್ಪಿಕೊಂಡರು! ಗೆದ್ದೆನೆಂದು ಡ್ರೈವನ್ನು ಚೀಲಕ್ಕೆ ಹಾಕಲು ಹೋದೆ. ಜಂಬಕ್ಕನ ಕೈ ಅಡ್ಡ ಬಂತು.

“ಅದನ್ನ ಎಲ್ಲಿಗೆ ಒಯ್ತಿ?”

“ಮನಿಗೆ ಅಕ್ಕಾ.”

“ಉಡ್ಯಾಗ ಬಂದಿದ್ದನ್ನ ವಾಪಸ್ ಕೊಟ್ರ ತವರುಮನಿ ಬರಿದಾಗ್ತೈತಿ. ನನ್ನ ತವರು ಯಾವುದು? ನಿಮ್ಮನಿನ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ, ನನಗೇನು ಆಸಿ ಇಲ್ಲ.”

ಅವರಿಗೆ ಆಸೆ ಇರಲಿಲ್ಲವೆಂಬುದು ನಿಜ. ಅದನ್ನು ಎಲ್ಲಿ ಹಚ್ಚಬೇಕೆಂಬುದೂ ಅವರಿಗೆ ಗೊತ್ತಿರಲಿಲ್ಲ. ನಾನು ಪಾರ್ವತಿನಗರದ ಸುಪ್ರೀಂ ಕೋರ್ಟಿಗೆ ಫೋನು ಹಚ್ಚಿದೆ.

“ಜಂಬಿ ಹೇಳೋದು ಬರೋಬ್ಬರಿ ಐತಿ,” ಎಂದರು ಅತ್ತೆ. “ವಾಪಸ್ ತಂದ್ರ ಹೊಸ್ತಿಲು ದಾಟಸಂಗಿಲ್ಲ.”

“ಅದರಾಗ ಚಿನ್ನಿ ಫೋಟೋ ಅದಾವಲ್ರಿ ಅತ್ತಿ.”

ಕೋರ್ಟು ತೀರ್ಪು ತಿದ್ದಿತು. “ಫೋಟೋ ಬೇಕಾದ್ರ ತಗೊಂಬಾ. ಫೋಟೋ ನಾ ಉಡಿಗೆ ಹಾಕಿಲ್ಲ. ನಾ ಹಾಕಿದ್ದು ಡಬ್ಬಿ. ಡಬ್ಬಿ ಅಲ್ಲೇ ಇರ್ಲಿ.”

ತೀರ್ಪು ಮುಗಿಯುವುದರೊಳಗೆ ಹಂಪೇಶ್ ಎದ್ದು ಕುರುಗೋಡಿನ ಬಜಾರಿಗೆ ಹೋಗಿ ಒಂದು ಸಾದಾ ಹಾರ್ಡ್ ಡಿಸ್ಕ್ ತಂದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಹೊಸ ಡಿಸ್ಕು ಗುಂಯ್ ಎಂದು ತಿರುಗುತ್ತಾ ಫೋಟೋ, ವಿಡಿಯೋಗಳನ್ನು ಒಂದೊಂದಾಗಿ ಇಳಿಸಿಕೊಳ್ಳತೊಡಗಿತು. ಉಡಿ ಅಕ್ಕಿಯ ಹುಗ್ಗಿ ಉಂಡೆವು, ಚಿನ್ನಿಗೆ ಆಗ ತಾನೇ ಹಲ್ಲು ಬಂದಿತ್ತು. ಪಾತ್ರೆ ತೊಳೆದೆವು, ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ತೆರೆಯ ಮೇಲಿನ ಚಿನ್ನಿಗಿಂತ ಮನೆಯ ಚಿನ್ನಿಯೇ ಬೇಗ ಬೆಳೆಯುತ್ತಾಳೇನೋ ಅನಿಸಿತು. ದುಬಾರಿಯದಕ್ಕೆ ಕೊಟ್ಟ ದುಡ್ಡು ಸಾರ್ಥಕವೆಂದು ಸಾಬೀತಾಗಿತ್ತು ನಿಜ. ಆದರೆ ಸಾಬೀತಾಗುವ ಹೊತ್ತಿಗೆ ಅದು ನನ್ನದಾಗಿರಲಿಲ್ಲ.

ಬಿಸಿಲು ಇಳಿದ ಮೇಲೆ ಹೊರಟೆವು. ಜಂಬಕ್ಕ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿಯ ಮೇಲೆ ಕಣದಲ್ಲಿ ಸುತ್ತಿದ ಒಂದು ಗಂಟು ಇಟ್ಟರು. ಗಟ್ಟಿ, ಚೌಕ, ಅಂಗೈಯಗಲ.

“ಜ್ವಾಕಿ,” ಎಂದು ನಕ್ಕರು. “ಮನಿ ಮುಟ್ಟೋತನಕ ಬಿಚ್ಚಬ್ಯಾಡ.”

ನನಗೆ ಅರ್ಥವಾಯಿತು! ವಾಪಸ್ ಕೊಟ್ಟರೆ ತಾನೇ ತಪ್ಪು? ಹೊಸದಾಗಿ ನನ್ನ ಉಡಿಗೆ ಹಾಕಿದರೆ ಯಾವ ಕೋರ್ಟು ಕೇಳುತ್ತದೆ? ಎಂಥ ಬುದ್ಧಿವಂತ ಹೆಣ್ಣುಮಗಳು! ದಾರಿಯುದ್ದಕ್ಕೂ ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಬಂದೆ. ತಗ್ಗು ಬಂದಾಗಲೆಲ್ಲ ಹಂಪೇಶರನ್ನು ಗದರಿದೆ.

ಮನೆ ಮುಟ್ಟಿದ್ದೇ ಗಂಡ, ಅತ್ತೆ, ಚಿನ್ನಿ ಮೂವರನ್ನೂ ಎದುರಿಗೆ ಕೂರಿಸಿಕೊಂಡು, ಬೀಗುತ್ತಾ ಗಂಟು ಬಿಚ್ಚಿದೆ.

ಬೆಲ್ಲದಚ್ಚು.

ಚಿನ್ನಿ ಅದರ ಒಂದು ಮೂಲೆಯನ್ನು ಕಚ್ಚಿದಳು. ಹಂಪೇಶ್ ಉಳಿದದ್ದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುವಿ, ದೀಪಕ್ಕೆ ಹಿಡಿದು, ಬಹಳ ಮರ್ಯಾದೆಯಿಂದ ಕೇಳಿದರು:

“ಪಂಪಾ, ಆರಿಸೋದು ನಿಂದ ಕೆಲಸ ಅಲ್ಲೇನು? ಹೇಳು, ಇದಕ್ಕ ವೈರು ಎಲ್ಲಿ ಹಚ್ಚೋದು?”