ಮೊಮ್ಮಗಳಿಗೆ ಗಾಡಿ ನೋಡಾಕ ಹೋಗಿದ್ದು

ಬರ್ರಿ, ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಬಂದು ಕುಂಡ್ರಿ. ಬುಟ್ಟ್ಯಾಗ ಚುರಮರಿ ಐತಿ, ಪುಟಾಣಿ ಐತಿ, ಬಾಯಾಡಿಸ್ಕೋತ ಕೇಳ್ರಿ. ನಾ ಯಾವ ಕೆಲಸಕ್ಕ ನೆಟ್ಟಗ ಹೊಂಟ್ರೂ ಅದು ಒಂದು ನಗಿ ಪ್ರಸಂಗ ಆಗೇ ಮನಿಗೆ ಬರತಿತ್ತು. ಜ್ವಾಳ ತರಾಕ ಹೋದ್ರೂ ಅಷ್ಟ, ಬೀಗರ ಊರಿಗೆ ಹೋದ್ರೂ ಅಷ್ಟ. ಆದರ ಮೊಮ್ಮಗಳಿಗೆ ಗಾಡಿ ನೋಡಾಕ ಹೊಂಟ ವರ್ಷ ನಕ್ಕಷ್ಟು ಮತ್ತ ಯಾವಾಗೂ ನಕ್ಕಿಲ್ಲ. ನಕ್ಕಷ್ಟ ಜಗಳಾನೂ ಆಡೀನಿ, ಅದನ್ನೂ ಹೇಳತೀನಿ.

ನಮ್ಮದು ಲಕ್ಷ್ಮೇಶ್ವರದಾಗ ಚುರಮರಿ ಭಟ್ಟಿ, ಅಂದ್ರ ಮಂಡಕ್ಕಿ ಹುರಿಯೂ ಒಲಿ. ಎಂಬತ್ತನೇ ಇಸವಿ ಆಚೀಚಿಗಿನ ಮಾತು. ಶಿರಹಟ್ಟಿ ಸಂತಿಗೆ, ಮುಂಡರಗಿ ಸಂತಿಗೆ ನಮ್ಮ ಚೀಲ ಹೋಗಬೇಕು. ಚುರಮರಿ ಚೀಲ ಅಂದ್ರ ನೋಡಾಕ ಆನಿ, ಎತ್ತಾಕ ಗುಬ್ಬಿ. ಬಸ್ಸಿನ ಮ್ಯಾಲ ಹಾಕೂಣಂದ್ರ ಕಂಡಕ್ಟರನ ಜಗಳ. ಬಾಡಿಗಿ ಗಾಡಿಯವರು ತಮಗ ತಿಳದಾಗ ಬರಾವ್ರು. ನಡು ದಾರ್ಯಾಗ ಗಾಡಿ ಕೆಟ್ಟು ನಿಂತು ಹನಿ ಬಿತ್ತಂದ್ರ ಮುಗೀತು, ಮೆತ್ತಗಾದ ಚುರಮರಿ ಆಕಳ ಮುಂದ ಹಿಡದ್ರೂ ಮೂಸಿ ಮಾರಿ ತಿರುವತೈತಿ.

ಮಗನ ಕಣ್ಣು ಭಟ್ಟಿ ಹೊಗಿಗೆ ಮಂಜಾಗಿದ್ವು. ಅವನ ಕೈಯಾಗ ಗಾಡಿ ಕೊಡೂ ಹಂಗಿದ್ದಿಲ್ಲ. ಉಳಿದಾಕಿ ಅವನ ಮಗಳು ಒಬ್ಬಾಕಿ, ಹದಿನೈದರ ಹುಡುಗಿ. ನಮ್ಮ ಮೈದುನ, ಅಂದ್ರ ನಮ್ಮ ಯಜಮಾನರ ತಮ್ಮ, ಓಣಿ ಹಿರೇರನ್ನ ಕೂಡಿಸಿ, ಭಟ್ಟಿ ನನಗ ಬಿಟ್ಟುಕೊಡು, ಹುಡುಗಿಗೆ ವರ ನೋಡು ಅಂತ ಬುದ್ಧಿ ಹೇಳಾಕ ಬಂದ.

"ವರ ಆಮ್ಯಾಲ ನೋಡತೀನಿ, ಮೊದಲು ಗಾಡಿ ನೋಡತೀನಿ," ಅಂದೆ. ಹಿಂದ ತೆರೆದ ಡಬ್ಬಿ ಇರೋ ಸಣ್ಣ ಗಾಡಿ, ಪಿಕಪ್ ಅಂತಿದ್ರು ಅದಕ್ಕ. ಹದಿನೆಂಟು ತುಂಬಿ ಲೈಸನ್ಸ್ ಬರೂ ತನಕ ನಮ್ಮ ಓಣಿ ಮೇಸ್ತ್ರಿ ಓಡಸ್ತಾನ, ಆಮ್ಯಾಲ ಸ್ಟೇರಿಂಗ್ ಹಿಡಿಯಾಕಿ ನನ್ನ ಮೊಮ್ಮಗಳ ಅಂತ ಎಲ್ಲಾರ ಮುಂದ ಹೇಳಿಬಿಟ್ಟೆ. ಮೇಸ್ತ್ರಿ ಅಂದ್ರ ಟ್ರ್ಯಾಕ್ಟರ್ ರಿಪೇರಿ ಮಾಡಾಂವ, ಮಾತು ಕಡಿಮಿ, ಮೈತುಂಬ ಗ್ರೀಸು.

ಮೈದುನ ಶರ್ತು ಹಾಕಿದ. ಮುಂಗಾರಿ ಮಳಿ ಬೀಳೂದರೊಳಗ ನಂಬಿಕಿ ಗಾಡಿ ಬಾಗಲಿಗೆ ಬರಬೇಕು, ಬಂದ ಗಾಡಿನ ಹುಡುಗಿ ಹೊಲದಾಗರೆ ಹಿಡದು ತೋರಸಬೇಕು. ಇಲ್ಲಾಂದ್ರ ಭಟ್ಟಿ ಚಾವಿ ಅವನ ಕೈಗೆ. ಹಿರೇರು ನನ್ನ ಮಾರಿ ನೋಡಿದ್ರು. ನಾ "ಆತು" ಅಂದೆ. ಚಾವಿ ಸೆರಗಿಗೆ ಕಟ್ಟಿ ಗಂಟು ಹಾಕ್ಕೊಂಡೆ.

ಹಾರ ಹಾಕ್ಕೊಂಡು ನಿಂತಾಂವ

ಮೊದಲು ಗದಗಿನಾಗ ಒಬ್ಬ ದಲಾಲನ ಕಡೆ ಹೋದ್ವಿ. ನಾನು, ಮೊಮ್ಮಗಳು, ಮೇಸ್ತ್ರಿ. ಮೈದುನಾನೂ ಬೆನ್ನು ಹತ್ತಿದ, ನಾವು ಮೋಸ ಹೋಗೂದನ್ನ ಕಣ್ಣಾರೆ ನೋಡಬೇಕಂತ.

ವರ ನೋಡಾಕ ಹೋದ್ರ ಹೆಂಗೋ ಹಂಗ, ಮೊದಲು ಉಪ್ಪಿಟ್ಟು, ಚಹಾ. ಆಮ್ಯಾಲ ಗಾಡಿ ತೋರಿಸಿದ. ಹೊಸಾ ಬಣ್ಣ, ಚೆಂಡುಹೂವಿನ ಹಾರ, ಕನ್ನಡಿಗೆ ರಿಬ್ಬನ್. ಮದಿಮಗ ಹಂದರದಾಗ ನಿಂತಂಗ ನಿಂತಿತ್ತು. ಆದರ ನಿಂತಿದ್ದು ಇಳಜಾರಿನ ಮ್ಯಾಲ. ದಲಾಲ ಹತ್ತಿ ಕುಂತು ಬ್ರೇಕ್ ಬಿಟ್ಟ, ಗಾಡಿ ಕೆಳಗ ಜಾರಿ ಗರ್ ಅಂತ ಚಾಲೂ ಆತು. ಮೈದುನ ತಲಿ ತೂಗಿದ.

ವರನ ಕಡೆಯವರು ಒಂದ ಬಾಜೂ ಫೋಟೋ ಕಳಸಿದ್ರ ನಾವು ಇನ್ನೊಂದು ಬಾಜೂ ಕೇಳೂದಿಲ್ಲೇನು? ನಾ ಅಂದೆ, ಗಾಡಿ ಮುಂದ ಹೋಗೂದು ನೋಡಿದ್ವಿ, ಸ್ವಲ್ಪ ಹಿಂದ ಹೋಗೂದು ತೋರಸಪಾ ಅಂತ. ದಲಾಲ ಹಾರ ಸರಿಮಾಡಿದ, ಗಾಳಿ ಹೆಂಗೈತಂತ ಟಾಯರ್ ಒದ್ದ, ಚಹಾ ಇನ್ನೊಂದು ಸರ್ತಿ ತರಿಸ್ಲೇನು ಅಂತ ಕೇಳಿದ. ನಾ ಬಿಡಲಿಲ್ಲ.

ಕಡೀಕ ಎದಿ ಮುಂದ ಮಾಡಿ, "ಅವ್ವಾರ, ಈ ಗಾಡಿ ಹುಟ್ಟಿದಾಗಿಂದ ಹಿಂದ ಹೋಗಿದ್ದ ಇಲ್ಲ. ಏನಿದ್ರೂ ಮುಂದ," ಅಂದ.

ಮೇಸ್ತ್ರಿ ಗಾಡಿ ಕೆಳಗ ಹೊಕ್ಕು ನೋಡಿ ಬಂದು, ಹಿಂದ ಹೋಗೂ ಗೇರು ಸತ್ತೈತಿ ಅಂತ ನನ್ನ ಕಿವ್ಯಾಗ ಹೇಳಿದ. ಮೊಮ್ಮಗಳು ದಲಾಲನ್ನ ಮೆಲ್ಲಕ ಕೇಳಿದ್ಲು, "ಹಂಗಾರ ಮಾಮಾ, ನಾವು ಮುಂಡರಗಿಗೆ ಹೋದ್ರ ಭೂಮಿ ಸುತ್ತಿಕೊಂಡ ಮನಿಗೆ ಬರಬೇಕ್ರೇನು?"

ಉಪ್ಪಿಟ್ಟು ಖರೇನ ಚಲೋ ಇತ್ತು. ಅದನ್ನಷ್ಟು ಹೊಗಳಿ ಎದ್ದು ಬಂದ್ವಿ.

ಬೆಲ್ಲದ ಗಾಡಿ

ಮುಂಡರಗಿಯೊಳಗ ಇನ್ನೊಂದು ಗಾಡಿ ಐತಂತ ಖಬರ ಬಂತು. ಚಾಲೂ ಆತು, ಮುಂದ ಹೋತು, ಹಿಂದ ಬಂತು. ಮೇಸ್ತ್ರಿ ಎಲ್ಲಾ ಬರೋಬ್ಬರಿ ಐತಿ ಅಂದ. ಆದರ ನಂದೊಂದು ಪರೀಕ್ಷಾ ಬ್ಯಾರೆ ಇತ್ತು.

ಚುರಮರಿ ಗುಣ ನಿಮಗ ಗೊತ್ತಿರಬೇಕು. ಬಾಜೂಕ ಏನಿರತೈತೋ ಅದರ ವಾಸನಿ ಕುಡೀತೈತಿ. ಭಟ್ಟ್ಯಾಗ ನಾವು ಚೀಲದ ಹತ್ರ ಚಿಮಣಿ ಎಣ್ಣಿ ಡಬ್ಬಿ ಸೈತ ಇಡೂದಿಲ್ಲ. ಅದಕ್ಕ ಬರೂ ಮುಂದ ಹೊಸಾ ಚುರಮರಿ ಗಂಟು ಕಟ್ಟಿಕೊಂಡು ಬಂದಿದ್ದೆ. ಆ ಗಾಡಿ ಹಿಂದಿನ ಡಬ್ಬ್ಯಾಗ ಅರಿವಿ ಹಾಸಿ ಸುರುವಿ, ಮ್ಯಾಲ ತಾಡಪತ್ರಿ ಮುಚ್ಚಿ, ಬಿಸಲಾಗ ಬಿಟ್ಟು ಮಾತಾಡಕೋತ ಕುಂತೆ.

ಗಾಡಿ ಮಾಲಕ ನನಗ ಹುಚ್ಚು ಹಿಡದೈತಿ ಅಂದುಕೊಂಡಿರಬೇಕು. ಆದರೂ ಮಾತು ಬಿಡಲಿಲ್ಲ. ಈ ಗಾಡಿ ಬರೇ ಬೆಲ್ಲ ಹೊತ್ತೈತಿ, ಗುಡಿಗೆ ಹೋಗೂ ಬೆಲ್ಲ, ಮುಟ್ಟು ಮೈಲಿಗಿ ಇಲ್ಲದಂಥಾ ಗಾಡಿ ಅಂತ ಒಂದ ಸವನ ಹೇಳಿದ. ಅವನ ಹೆಂಡತಿ ಬಾಗಲದಾಗ ನಿಂತು ನೆಲ ನೋಡಾಕತ್ತಿದ್ಲು. ಆಕಿ ನೆಲ ನೋಡಿದಾಗನ ನಾ ಅರ್ಧ ತಿಳಕೊಂಡೆ.

ನೆರಳು ಸರದ ಮ್ಯಾಲ ತಾಡಪತ್ರಿ ತೆಗೆದು, ಒಂದು ಮುಟಿಗಿ ಚುರಮರಿ ಅವನ ಕೈಯಾಗ ಹಾಕಿದೆ. ತಿನ್ನಪಾ, ನಿನ್ನ ಗಾಡಿ ಪ್ರಸಾದ, ಮೊದಲು ನೀನ ತಿನ್ನು ಅಂದೆ. ಅಂವ ಬಾಯಿಗೆ ಹಾಕ್ಕೊಂಡ. ಅಗಿದ. ಅಗಿಯೂದು ನಿಂತಿತು. ಉಗುಳಾಕ ಬರಂಗಿಲ್ಲ, ನುಂಗಾಕ ಆಗಂಗಿಲ್ಲ, ಕಣ್ಣಾಗ ನೀರು ಬಂದ್ವು. ನನಗ ದೂರದಿಂದನ ಮೂಗಿಗೆ ಬಡೀತು, ಆಡಿನ ಹಿಂಡು ಹೊತ್ತು ತಿರುಗಿದ ಗಾಡಿ ಅದು.

"ಯಾಕಪಾ," ಅಂದೆ, "ನಿನ್ನ ಬೆಲ್ಲ ಬ್ಯಾ ಅಂತಿತ್ತೇನು?"

ಅವನ ಹೆಂಡತಿ ಸೆರಗು ಬಾಯಿಗೆ ಹಿಡಕೊಂಡು ಒಳಗ ಓಡಿ ಹೋದ್ಲು. ಒಳಗಿಂದ ಆಕಿ ನಗೂ ಸಪ್ಪಳ ನಾವು ಬಸ್‌ಸ್ಟ್ಯಾಂಡಿಗೆ ಹೋಗೂ ತನಕ ಕೇಳಿಸ್ತು.

ಮೈದುನ ಆರಿಸಿದ ಗಾಡಿ

ಹೆಂಗಸರು ಗಾಡಿ ನೋಡಿದ್ರ ಹಿಂಗ ಆಗೂದು, ಗಂಡಸು ಆರಿಸಿದ್ದು ಹೆಂಗಿರತೈತಿ ತೋರಸ್ತೀನಿ ನಡೀರಿ ಅಂತ ಮೈದುನ ನಮ್ಮನ್ನ ಶಿರಹಟ್ಟಿಗೆ ಕರಕೊಂಡು ಹೋದ. ಅಲ್ಲಿ ಅವನ ಪರಿಚಯದಾಂವ ಒಬ್ಬ ಗಾಡಿ ಇಟ್ಟಿದ್ದ. ಆ ಗಾಡಿ ಹಾರ್ನ್ ಅಂದ್ರ ಹಾರ್ನ್. ಒಂದು ಸರ್ತಿ ಒತ್ತಿದ್ರ ಓಣಿ ನಾಯಿ ಎಲ್ಲಾ ಹಾದಿ ಬಿಟ್ಟು ಮಾಳಿಗಿ ಏರತಿದ್ವು. ಮೈದುನ ಅದನ್ನ ಒತ್ತಿ ಒತ್ತಿ ಖುಷಿಪಟ್ಟ. ನಾ ಬಾನೆಟ್ ಮ್ಯಾಲ ಕೈ ಇಟ್ಟೆ. ಹಂಚಿನಂಗ ಸುಡತಿತ್ತು. ತಣ್ಣಗಿದ್ರ ಚಾಲೂ ಆಗದ ಗಾಡಿ, ನಾವು ಬರೂದರೊಳಗ ಕಾಸಿ ಇಟ್ಟಿದ್ದಾರಂತ ತಿಳೀತು. ಲಕ್ಷ್ಮೇಶ್ವರದ ತನಕ ಓಡಿಸಿ ನೋಡೂಣು ಅಂದೆ.

ಲಕ್ಷ್ಮೇಶ್ವರ ಇನ್ನೇನು ಹತ್ರ ಬಂತು ಅನ್ನೂದರಾಗ ಗಾಡಿ ಕೆಮ್ಮಿ ನಿಂತಬಿಡ್ತು. ಹಾರ್ನ್ ಮಾತ್ರ ಒದರತಿತ್ತು. ಮೇಸ್ತ್ರಿ, ಮಾಲಕ, ಮೈದುನ ಮೂರೂ ಮಂದಿ ಇಳದು ದಬ್ಬಾಕ ನಿಂತ್ರು. ಹಂಗಾರ ಸ್ಟೇರಿಂಗ್ ಹಿಡಿಯಾವ್ರು ಯಾರು? ವೈನಿ, ನೀವು ಕುಂತ್ರ ಭಾರ ಆಗತೈತಿ ಅಂತ ಮೈದುನನ ಅಂದ. ಹಗರ ಇದ್ದಾಕಿ ಮೊಮ್ಮಗಳ ಒಬ್ಬಾಕಿ. ಆಕಿ ಹತ್ತಿ ಕುಂತು ಮೈದುನಗ, "ಸಣ್ಣಜ್ಜಾ, ದಬ್ಬು," ಅಂದ್ಲು.

ನಾನೂ ಆಕಿ ಬಾಜೂಕ ಹತ್ತಿ ಕುಂತೆ. ದಬ್ಬೂದು ಗಂಡಸರ ಕೆಲಸ ಅಲ್ಲೇನು? ನೆಟ್ಟಗ, ಒಂದ ಗೀಟು ಹೊಡದಂಗ ತಂದ್ಲು ಹುಡುಗಿ, ಎದರ ಬಂದ ಚಕ್ಕಡಿಗೆ ಹಾದೀನೂ ಬಿಟ್ಟಳು.

ನಮ್ಮ ಊರ ಅಗಸಿ ಬಾಗಲಕ್ಕ ಬಂದಾಗ ಮೈದುನ ಏದುಸಿರು ಬಿಡಕೋತ ನನ್ನ ಹತ್ರ ಬಂದು, "ವೈನಿ, ಹುಡುಗಿ ಸ್ಟೇರಿಂಗ್ ಹಿಡದಿದ್ದು ಓಣ್ಯಾಗ ಹೇಳಬ್ಯಾಡ್ರಿ," ಅಂದ.

"ಇಲ್ಲಪಾ," ಅಂದೆ, "ನೀ ದಬ್ಬಿದ್ದು ಅಷ್ಟ ಹೇಳತೀನಿ."

ಸಿಟ್ಟು ಬಂತು ಅವಗ. ದಬ್ಬಿಸಿಕೊಳ್ಳೂ ಗಾಡಿ ಹಿಡಿಯೂದು ತೊಟ್ಟಿಲು ತೂಗಿದಂಗ, ಎಂಜಿನ್ ಜೀವಂತ ಇರೂ ಗಾಡಿನ ಈ ಹುಡುಗಿ ಹಿಡದು ನಿಂದರಿಸಿದ್ಲಂದ್ರ, ಆಕಿಗೆ ಲೈಸನ್ಸ್ ಬಂದ ದಿನ ನಾ ಚುರಮರಿ ಚೀಲದ ಮ್ಯಾಲ ಕುಂತು ಮುಂಡರಗಿ ಸಂತಿಗೆ ಬರತೀನಿ ಅಂತ ಅಗಸ್ಯಾಗ ನಿಂತು ಆಣಿ ಮಾಡಿದ. ಕೇಳಾಕ ಮಂದಿ ಕೂಡಿದ್ರು. ಹಾರ್ನ್ ಸಪ್ಪಳಕ್ಕ ಕೂಡಿದ ಮಂದಿ ಅವರು.

ತನ್ನ ಗಾಡಿ ತಾನ ಬೈದಾಂವ

ಮ್ಯಾಲ ಮೋಡ ಕೂಡಾಕತ್ತಿದ್ವು. ಮೈದುನ ದಿನಾ ಮುಂಜಾನೆ ನಮ್ಮ ಕಟ್ಟಿಗೆ ಬಂದು ಆಕಾಶ ನೋಡಿ, ನನ್ನ ಸೆರಗಿನ ಗಂಟು ನೋಡಿ ಹೋಗಾವ. ಅಷ್ಟರಾಗ ಕಣಗಿನಹಾಳದಾಗ ಒಬ್ಬ ಉಳ್ಳಾಗಡ್ಡಿ ಬೆಳಿಯೂ ಮುದುಕ ಗಾಡಿ ಮಾರತಾನಂತ ಸುದ್ದಿ ಬಂತು. ಹೋದ್ವಿ. ಆವತ್ತ ಮೈದುನ ಬರಲಿಲ್ಲ, ಸೊಂಟ ಹಿಡದಿತ್ತು.

ಮುದುಕ ಉಪ್ಪಿಟ್ಟೂ ಕೊಡಲಿಲ್ಲ, ಹಾರಾನೂ ಹಾಕಿದ್ದಿಲ್ಲ. ಕಟ್ಟಿ ಮ್ಯಾಲ ಕುಂತಲ್ಲಿಂದನ ಗಾಡಿನ ಬೈಯಾಕ ಚಾಲೂ ಮಾಡಿದ. ಹಾರ್ನ್ ಮೂಗಪ್ಪ ಆಗೇತಿ, ಎಡಗಡೆ ಬಾಗಲಾ ಹಗ್ಗದಿಂದ ಕಟ್ಟೀನಿ, ಸೀಟು ನನ್ನ ಹಲ್ಲಿನಂಗ ಅಲ್ಲೊಂದು ಇಲ್ಲೊಂದು ಉಳದೈತಿ, ಬ್ಯಾಡಾದ್ರ ಈಗ ಎದ್ದು ಹೋಗ್ರಿ ಅಂದ. ಬಾನೆಟ್ ಮುಟ್ಟಿದೆ, ಕೊಡದ ನೀರಿನಂಗ ತಣ್ಣಗಿತ್ತು. ಚಾವಿ ತಿರುವಿದ್ರ ಒಂದ ಸಲಕ್ಕ ಚಾಲೂ ಆತು. ನನ್ನ ಚುರಮರಿ ತಾಡಪತ್ರಿ ಕೆಳಗಿಂದ ಗರಿಗರಿಯಾಗೇ ಬಂತು. ಉಳ್ಳಾಗಡ್ಡಿ ವಾಸನಿ ಒಂದೀಟು ಇತ್ತು. ಚುರಮರಿ ಕಲಸಿ ಗಿರ್ಮಿಟ್ ಮಾಡೂ ಮುಂದ ಅದನ್ನ ನಾವ ಹಾಕತೀವಲ್ಲ, ಇರಲಿ ಅಂದೆ.

ಆದರ ಮುದುಕ ಕೊಡಾಕ ತಯಾರಿಲ್ಲ. ಯಾರು ಓಡಸೂದು ಅಂತ ಕೇಳಿದ. ನಾ ಮೊಮ್ಮಗಳನ್ನ ತೋರಿಸಿದೆ. ಈ ಹುಡುಗೀನೇನು ಅಂದ. ಹೌದು, ಈ ಹುಡುಗೀನ, ಏನೀಗ ಅಂದೆ. ಮುದುಕ ಆಕೀನ ತಲಿಯಿಂದ ಕಾಲಿನ ತನಕ ನೋಡಿ, "ನಡು ದಾರ್ಯಾಗ ಗಾಡಿ ನಿಂತರ ಏನು ಮಾಡತಿ?" ಅಂತ ಕೇಳಿದ.

"ಮೊದಲು ಸಣ್ಣಜ್ಜನ್ನ ಕೆಳಗ ಇಳಸ್ತೀನಿ," ಅಂದ್ಲು.

ಮುದುಕಗ ಸಣ್ಣಜ್ಜ ಯಾರಂತ ಗೊತ್ತಿಲ್ಲ. ಆದರೂ ಉಳಿದಷ್ಟು ಹಲ್ಲು ತೋರಿಸಿ ನಕ್ಕು ಚಾವಿ ಆಕಿ ಕೈಯಾಗನ ಇಟ್ಟ.

ಡ್ರೈವರ್ ಇಲ್ಲದ ಗಾಡಿ

ಗಾಡಿ ಬಂತು, ಆದರ ಹುಡುಗಿ ಗಿಡ್ಡ. ಕುಂತ್ರ ಮುಂದಿನ ಗಾಜಿನಾಗ ಆಕಾಶ ಅಷ್ಟ ಕಾಣಸ್ತಿತ್ತು. ಶಾಲಿ ಲಂಗ ಹೊಲಿಸೂ ಮುಂದ ಅಂಚು ಮಡಚಿ ಬಿಡತೀವಲ್ಲ, ಬೆಳದಂಗ ಬಿಚ್ಚಾಕ, ಹಂಗ ಇದಕ್ಕೂ ಒಂದು ಉಪಾಯ ಮಾಡಿದೆ. ಅರಿವಿ ಚೀಲದಾಗ ಚುರಮರಿ ಬಿಗಿಯಾಗಿ ತುಂಬಿ ಹೊಲದು ಸೀಟಿನ ಮ್ಯಾಲ ಇಟ್ಟೆ. ರಾಣಿ ಹಂಗ ಕುಂತಳು.

ಭಟ್ಟಿ ಹಿಂದ ನಮ್ಮದ ಖಾಲಿ ಹೊಲ. ಮೇಸ್ತ್ರಿ ಬಾಜೂಕ ಕುಂತು ಕಲಿಸ್ತಿದ್ದ. ಒಂದಿನ ಸಂಜಿಮುಂದ ಹಿಂದಿನ ಗಾಲಿ ಯಾಕೋ ಸಪ್ಪಳ ಮಾಡತೈತಿ ಅಂತ ಮೇಸ್ತ್ರಿ ಕೆಳಗ ಇಳದು, ಗಾಡಿ ಹಿಂದ ಬಗ್ಗಿ ನೋಡಕೋತ ನಡೀತಿದ್ದ. ಗಾಡಿ ಎಮ್ಮಿ ಹೋದಂಗ ಮೆಲ್ಲಕ ಹೊಂಟಿತ್ತು. ನಾ ಭಟ್ಟಿ ಬಾಗಲದಾಗ ನಿಂತಿದ್ದೆ.

ಹೊಲ ಅಂದ್ಮ್ಯಾಲ ಉಬ್ಬು ತಗ್ಗು. ಒಂದೊಂದು ಉಬ್ಬಿಗೂ ಕೆಳಗಿನ ಚುರಮರಿ ಚರ್ ಅಂತ ಪುಡಿ ಆತು. ಪುಡಿ ಆದಂಗ ಹುಡುಗಿ ಕೆಳಗ ಇಳದ್ಲು. ಮೊದಲು ಹೆಗಲು ಕಾಣಸ್ತಿದ್ವು, ಆಮ್ಯಾಲ ಕಣ್ಣು, ಕಡೀಕ ಬರೇ ಜಡಿ ರಿಬ್ಬನ್. ಮುಂದಿಂದ ನೋಡಿದ್ರ ಗಾಡ್ಯಾಗ ಒಂದು ಹುಳಾನೂ ಇಲ್ಲ.

ಅದ ಹೊತ್ತಿಗೆ ಮೈದುನ ಬಂದ. ದೂರದಾಗ ಗುಡುಗಿತ್ತು, ಚಾವಿ ಕೇಳಾಕ ಬಂದಿದ್ದ. ಹೊಲದ ನಡುವ ಬಂದು ತಲಿ ಎತ್ತಿದ್ರ ಡ್ರೈವರ್ ಇಲ್ಲದ ಗಾಡಿ, ಹಾರ್ನ್ ಇಲ್ಲ, ಒಂದು ಮಾತಿಲ್ಲ, ತನ್ನ ಕಡೇನ ಬರಾಕತ್ತೈತಿ. ಬಲಕ್ಕ ಸರದ, ಗಾಡೀನೂ ಬಲಕ್ಕ ಸರೀತು. ಎಡಕ್ಕ ಸರದ, ಅದೂ ಎಡಕ್ಕ. ಆಕಿ ಪಾಪ ಸ್ಟೇರಿಂಗ್ ಸಂದ್ಯಾಗಿಂದ ಇಣಕಿ ಅವನ್ನ ತಪ್ಪಸಾಕ ತಿರುವಾಕತ್ತಿದ್ಲು, ಅಂವ ಆಕಿ ತಿರುವಿದ ಕಡೇನ ಓಡತಿದ್ದ. ನಾ ಇತ್ತಲಾಗಿಂದ ಕೂಗಿದ್ದು ಅವಗ ಕೇಳಸಲಿಲ್ಲ. ದೆವ್ವ ಅಂತ ಒದರಿದಾಂವ, ಸೊಂಟ ಹಿಡದಿದ್ದೂ ಮರತು, ಜ್ವಾಳದ ಕಣಕಿ ಬಣವಿ ತುದಿಗೆ ಏರಿ ಕುಂತ.

ಗಾಡಿ ಬಣವಿ ಹತ್ರ ಬಂತು. ಮೊಳದಷ್ಟು ದೂರದಾಗ ಗಕ್ಕನ ನಿಂತಿತು. ಸೀಟಿನಿಂದ ಹುಡುಗಿ ತಲಿ ಮ್ಯಾಲ ಬಂತು.

"ಸಣ್ಣಜ್ಜಾ, ಹಾರ್ನ್ ಕೆಟ್ಟೈತಿ, ಬಾಯಿಲೇನ ಹೇಳತೀನಿ. ಪೋಂ ಪೋಂ."

ಬಣವಿ ಮ್ಯಾಲಿನಾಂವ ಕುತಿಗಿ ಚಾಚಿ ಗಾಡಿ ನೋಡಿದ. "ಇದನ್ನ ನಿಂದರಿಸಿದಾಕಿ ನೀನೇನು?" ಅಂದ.

"ನಾನ."

ನಾ ಹತ್ರ ಹೋಗಿ ಸೆರಗಿನ ಗಂಟು ಎತ್ತಿ ತೋರಿಸಿದೆ. "ಇಳಿಯಪಾ. ಏರೂದು ರೂಢಿ ಆತಲ್ಲ, ಲೈಸನ್ಸ್ ಬಂದ ದಿನ ಚೀಲದ ಮ್ಯಾಲೂ ಹಿಂಗ ಏರಬೇಕು."

ಅಷ್ಟರಾಗ ಮಳಿ ಹನಿ ಬಿತ್ತು. ಚಾವಿ ನನ್ನ ಸೆರಗಿನಾಗನ ಇತ್ತು.

ಆಮ್ಯಾಲ

ಗದಗಿನ ದಲಾಲ ಗಾಡಿ ಮಾರೂದು ಬಿಟ್ಟು ಚಹಾದಂಗಡಿ ಇಟ್ಟ, ಉಪ್ಪಿಟ್ಟಿಗೆ ಮಂದಿ ಸಾಲು ಹಚ್ಚಿ ನಿಂದರತಾರ. ಬೆಲ್ಲದಾಂವ ಈಗ ರಾಜಾರೋಷ ಆಡು ಹೊರತಾನ, ಗಾಡಿ ಮ್ಯಾಲ ಆಡಿನ ಚಿತ್ರಾನೂ ಬರಸ್ಯಾನಂತ. ಶಿರಹಟ್ಟಿ ಗಾಡ್ಯಾಗ ಕೋಳಿ ಮರಿ ಮಾಡಿದ್ವು, ಅದರ ಹಾರ್ನ್ ಬಿಚ್ಚಿಸಿ ತಂದು ನಮ್ಮ ಗಾಡಿಗೆ ಹಾಕಿದ್ವಿ. ಮೇಸ್ತ್ರಿ ಈಗ ಗಾಡಿ ನೋಡಾಕ ಹೋದ್ರ ಕಿಸೇದಾಗ ಚುರಮರಿ ಇಟ್ಟುಕೊಂಡು ಹೋಗತಾನ. ಕಣಗಿನಹಾಳದ ಮುದುಕ ಮೊಮ್ಮಗಳ ಮದವಿಗೆ ಬಂದಿದ್ದ, ಮದಿಮಗಳಕಿಂತ ಮೊದಲು ಗಾಡೀನ ಮಾತಾಡಿಸಿ, ತೀರಿಕೊಳ್ಳೂ ತನಕ ಅದರ ಕ್ಷೇಮಸಮಾಚಾರ ಕೇಳಿದ. ಮಗ ಕಣ್ಣು ಮಂಜಾದ್ರೂ ಬರೇ ಸಪ್ಪಳದ ಮ್ಯಾಲ ನಮ್ಮ ಗಾಡಿ ಬಂತಂತ ಹೇಳತಾನ, ಎದ್ದು ಬಾಗಲಾ ತೆಗೀತಾನ.

ಮೊಮ್ಮಗಳು ತನ್ನ ನೋಡಾಕ ಬಂದ ವರಗಳಿಗೆ ಒಂದ ಮಾತು ಕೇಳಿದ್ಲು, ಗಾಡಿ ನಿಂತರ ದಬ್ಬತೀರೇನು ಅಂತ. ಒಬ್ಬಾಂವ ತೋಳು ಏರಿಸಿಕೊಂಡು ಎದ್ದು ನಿಂತ. ಅವನ್ನ ಆರಿಸಿದ್ಲು. ಈಗ ಶಿರಹಟ್ಟಿ, ಮುಂಡರಗಿ ಎರಡೂ ಸಂತಿ ಆಕೀದ.

ಇನ್ನ ಮೈದುನ. ಲೈಸನ್ಸ್ ಬಂದ ದಿನ ತಾನಾಗೇ ಬಂದು ಚೀಲದ ಮ್ಯಾಲ ಏರಿದ, ಮಾತಿಗೆ ತಪ್ಪಾಂವ ಅಲ್ಲ. ಕಪ್ಪತಗುಡ್ಡದ ಗಾಳಿ ಗೊತ್ತಲ್ಲ, ಮುಂಡರಗಿ ಹಾದ್ಯಾಗ ಅವನ ಟೊಪಗಿ ಹಾರಿಸಿಕೊಂಡು ಹೋತು. ಮ್ಯಾಲಿಂದ ನಮ್ಮ ತಲಿ ಮ್ಯಾಲಿನ ತಗಡು ಬಡಬಡ ಬಡದ. ಮೊಮ್ಮಗಳು ಗಾಡಿ ನಿಂದರಿಸಿ, ಟೊಪಗಿ ಬಿದ್ದಲ್ಲಿಗೆ ನೆಟ್ಟಗ ಹಿಂದ ಹಿಂದ ತಂದ್ಲು. ಹಿಂದ ಹೋಗೂ ಗಾಡಿ ಅಂದ್ರ ಇದು ಅಂತ ನಾ ಮುಂದ ಕುಂತಲ್ಲೇ ಅಂದೆ. ಅವತ್ತಿಂದ ಅಂವ ಇರೂ ತನಕ ಟೊಪಗಿ ಹಾಕೂದು ಬಿಟ್ಟ, ಚೀಲದ ಮ್ಯಾಲ ಕುಂದ್ರೂದು ಬಿಡಲಿಲ್ಲ.