ಗಂಜಿ ಹಾಕಿದ ರೆಕ್ಕೆ

ಆಷಾಢದ ಒಂದು ಶನಿವಾರ ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಎರಡೂ ಕಾಲು ಆದೋನಿಯ ನೆಲ ಬಿಟ್ಟವು. ಗಡಿಯಾರ ನೋಡಿಕೊಂಡು ಯಾರೂ ಅಪಾಯಕ್ಕೆ ಸಿಕ್ಕಿಬೀಳುವುದಿಲ್ಲ, ನಿಜ. ಆದರೆ ನನ್ನ ಕೈಗಡಿಯಾರ ಆ ಹೊತ್ತಿನಲ್ಲಿ ರುದ್ರಣ್ಣನ ಮೊಣಕಾಲಿಗೆ ಬಡಿದು ನಿಂತುಹೋಯಿತು. ಇನ್ನೂ ರಿಪೇರಿ ಮಾಡಿಸಿಲ್ಲ.

ರುದ್ರಣ್ಣ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅಣ್ಣತಮ್ಮಂದಿರ ಹೊಟ್ಟೆಕಿಚ್ಚಿಗೆ ಹೊಲವೋ ಮನೆಯೋ ಏನಾದರೂ ಕಾರಣ ಇರುತ್ತದೆ. ಷಡ್ಡಕರ ಹೊಟ್ಟೆಕಿಚ್ಚಿಗೆ ಮಾವನ ಮನೆಯ ಪಂಕ್ತಿಯೊಂದಿದ್ದರೆ ಸಾಕು. ಅವನ ಹೋಳಿಗೆಯ ಮೇಲೆ ತುಪ್ಪ ಬೀಳುವ ಸದ್ದು ನನಗೆ ಬೇರೆಯೇ ಕೇಳಿಸುತ್ತಿತ್ತು. ಆದರೆ ನನ್ನ ನಿಜವಾದ ಸಂಕಟ ತುಪ್ಪದ್ದಲ್ಲ. ರುದ್ರಣ್ಣ ಹಾರಿದವನು. ನಲವತ್ತು ವರ್ಷದ ಹಿಂದೆ ಯಾವುದೋ ವಿದೇಶಿ ಪತ್ರಿಕೆಯಲ್ಲಿ ತ್ರಿಕೋನದ ರೆಕ್ಕೆಗೆ ಜೋತುಬಿದ್ದು ಹಾರುವವನ ಚಿತ್ರ ನೋಡಿ, ಬಿದಿರು ಗಳ, ಸೈಕಲ್ ಬ್ರೇಕಿನ ತಂತಿ ಮತ್ತು ಅಪ್ಪನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಅಂಡಿಗೆಗೆ, ಅಂದರೆ ಮೂಟೆಗೆ, ಸುತ್ತುವ ಬಟ್ಟೆಯಿಂದ ತಾನೂ ಒಂದು ಮಾಡಿಕೊಂಡು, ಪೆದ್ದಹರಿವಾಣದ ದಾರಿಯ ಕಲ್ಲುಗುಡ್ಡದ ಮೇಲಿಂದ ಓಡಿ ಗಾಳಿಗೆ ಬಿದ್ದ. ಜೊತೆಗಿದ್ದವನು ನಾನೊಬ್ಬನೇ. ಬಿ.ಎಸ್ಸಿ. ಓದುತ್ತಿದ್ದೆ; ಇದು ಹಾರಲು ಸಾಧ್ಯವಿಲ್ಲ ಎಂದು ಹಿಂದಿನ ದಿನವೇ ಎರಡು ಹಾಳೆಯಲ್ಲಿ ಲೆಕ್ಕ ಮಾಡಿ ತೋರಿಸಿದ್ದೆ. ಅವನು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಹಾರಿದ.

ಮರುವರ್ಷ ನನಗೂ ರುದ್ರಣ್ಣನ ಮಾವನ ಮನೆಯ ಎರಡನೆಯ ಮಗಳು ನೀಲಮ್ಮನಿಗೂ ಮದುವೆಯಾಯಿತು. ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು, “ನಮ್ಮ ಭಾವ ಹಾರಿದ್ರಂತಲ್ರೀ, ನೀವು ಕೆಳಗ ನಿಂತು ನೋಡಿದ್ರಂತ?” ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದೆ. ಆದರೂ ಆ ಮನೆಯಲ್ಲಿ ನಾನು ಕೆಳಗೆ ನಿಂತವನೇ.

ಮುಂದೆ ಗೌರಕ್ಕ, ಅಂದರೆ ರುದ್ರಣ್ಣನ ಹೆಂಡತಿ, ರೆಕ್ಕೆಯ ಬಟ್ಟೆ ಬಿಚ್ಚಿಕೊಂಡು ಪ್ರತಿ ಬೇಸಿಗೆ ಅದರ ಮೇಲೆ ಸಂಡಿಗೆ ಇಟ್ಟಳು. ಬಿದಿರು ಹತ್ತಿ ಗೋದಾಮಿನ ಅಟ್ಟ ಸೇರಿತು. ಹೀಗೆ ಎರಡೂ ಉಳಿದುಕೊಂಡವು. ಈ ವರ್ಷ ಸುಮತಿ ಎಂಬ ಬಳ್ಳಾರಿಯ ಹುಡುಗಿ, ಹಿಂದಿನವರು ಕೈಯಾರೆ ಮಾಡಿಕೊಂಡು ಹಾರಿದ ಗ್ಲೈಡರುಗಳನ್ನು ಹುಡುಕಿ ಕಾಪಾಡುವ ಕೆಲಸಕ್ಕಿಳಿದವಳು, ನನಗೆ ಫೋನ್ ಮಾಡಿದಳು.

“ಸರ್, ನೀವೊಬ್ಬರೇ ಸಾಕ್ಷಿ. ಅವರು ಹಾರಿದರಾ, ಬಿದ್ದರಾ?”

ನಲವತ್ತು ವರ್ಷದ ತುಪ್ಪದ ಸದ್ದು ಕಿವಿಯಲ್ಲಿ ಕೇಳಿಸಿತು. “ವೈಜ್ಞಾನಿಕವಾಗಿ ಹೇಳಬೇಕೆಂದರೆ,” ಎಂದೆ, “ಸಾವಕಾಶವಾಗಿ ಬಿದ್ದ.”

“ಹಾಗಾದರೆ ಕಷ್ಟ ಸರ್. ನಮ್ಮ ಸಂಗ್ರಹಾಲಯದಲ್ಲಿ ಜಾಗ ಕಡಿಮೆ. ಹಾರಿದ ರೆಕ್ಕೆಗಳನ್ನಷ್ಟೇ ಇಟ್ಟುಕೊಳ್ಳುತ್ತೇವೆ. ಸೋಮವಾರ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಬೇಡಿ.”

ಮುಟ್ಟಬೇಡಿ ಎಂದರೆ ಕೇಳುವ ಮನೆಯೇ ಅದು? ಹೊರಗೆ ಹೋಗುವ ಬಟ್ಟೆಯನ್ನು ಒಗೆದು ಗಂಜಿ ಹಾಕದೆ ಕೊಟ್ಟರೆ ಮನೆತನದ ಮರ್ಯಾದೆ ಹೋಯಿತೆಂದು ಗೌರಕ್ಕನ ನಂಬಿಕೆ. “ನಾಕು ಮಂದಿ ನೋಡೋ ಸಾಮಾನು. ಮೆಣಸಿನಕಾಯಿ ಕಲಿ ಹಂಗ ಬಿಟ್ರ ನನಗ ಏನಂತಾರ?” ಎಂದು ಗಟ್ಟಿ ಗಂಜಿಯಲ್ಲಿ ಅದ್ದಿ ಹಿಂಡಿದಳು. ಒಣಗಿದ ಮೇಲೆ ರುದ್ರಣ್ಣ ಅದನ್ನು ಮಾಳಿಗೆಯ ಮೇಲೆ ಬಿದಿರಿಗೆ ಮತ್ತೆ ಕಟ್ಟಿದ. ನನ್ನನ್ನು ಕರೆಸಿದ್ದು ಗಂಟು ಹಾಕಲು ಎಂದುಕೊಂಡಿದ್ದೆ.

“ಸಾಕ್ಷಿಗೆ ಡೌಟ್ ಐತಂತ ಅಂದ್ಳು ಆ ಹುಡುಗಿ,” ಎಂದ ರುದ್ರಣ್ಣ ಹಗ್ಗ ಬಿಗಿಯುತ್ತ. “ಯಾವ ಸಾಕ್ಷಿನಪಾ? ಅವತ್ತು ನನ್ನ ಕೂಡ ಇನ್ಯಾರಿದ್ರು?”

ನಾನು ಬಗ್ಗಿ, ಅಲ್ಲೇ ಒಣಗಲಿಟ್ಟಿದ್ದ ಸಂಡಿಗೆಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸತೊಡಗಿದೆ.

“ಮಿಲ್ಲು ಹೋತು, ಮಂಡಿಕಾಲು ಹೋತು. ನನ್ನದಂತ ಇದೊಂದ ಐತಿ ತಮ್ಮಾ. ನೀ ಇಲ್ಲಂದ್ರ ಇದು ಬರೇ ಸಂಡಿಗಿ ಹಾಸಿಗಿ.” ಹಾಗೆಂದವನು ಬಗ್ಗಿ ರೆಕ್ಕೆಯೊಳಗೆ ತೂರಿ, ಹಳೆಯ ಪಟ್ಟಿಗೆ ತೋಳು ಸಿಕ್ಕಿಸಿ, “ಹಿಂಗ ಹಿಡದಿದ್ನೋ ಇಲ್ಲೋ? ಬಾಯಿ ಬಿಟ್ಟು ಹೇಳು!” ಎಂದು ಎದ್ದು ನಿಂತ.

ಆಗಲೇ ಗಾಳಿ ಬಂತು. ನಮ್ಮ ಕಡೆಯ ಆಷಾಢದ ಗಾಳಿ ಕೊಡೆಯನ್ನು ಕೇಳಿ ಒಯ್ಯುವುದಿಲ್ಲ. ಗಂಜಿ ಹಾಕದ ಬಟ್ಟೆಯಾಗಿದ್ದರೆ ಜರಡಿಯಂತೆ ಸೋರಿಬಿಡುತ್ತಿತ್ತು. ಗಂಜಿ ಒಂದೊಂದು ತೂತನ್ನೂ ಮುಚ್ಚಿತ್ತು. ರೆಕ್ಕೆ ಪಟ್ಟನೆ ಉಬ್ಬಿತು. ರುದ್ರಣ್ಣನ ಕಾಲು ಮಾಳಿಗೆಯ ಕಟ್ಟೆಗೋಡೆಯ ಮಟ್ಟಕ್ಕೆ ಏರಿತು. ಗೋಡೆಯಾಚೆ ಎರಡು ಅಂತಸ್ತು ಕೆಳಗೆ ಬೀದಿ. ನಾನು ಓಡಿ ಅವನ ಕಾಲುಗಳನ್ನು ತಬ್ಬಿಕೊಂಡೆ. ಇಳಿಯಲಿಲ್ಲ. ನಾನೂ ಎದ್ದೆ.

“ಬಿಡಬ್ಯಾಡೋ!”

“ಬಿಡಲ್ಲಣ್ಣಾ!”

“ಅಯ್ಯೋ ದೇವುಡಾ, ಇಬ್ರೂ ಹೊಂಟ್ರಲ್ರೋ!” ಎಂದು ಗೌರಕ್ಕ ಚೀರಿದಳು. “ಸಂಡಿಗಿ ಮ್ಯಾಲ ಇಳೀಬ್ಯಾಡ್ರಿ!”

ರೆಕ್ಕೆಯ ತುದಿ ನೀರಿನ ಟ್ಯಾಂಕಿಗೆ ಸಿಕ್ಕಿ ಬಿದಿರು ಲಟ್ಟೆಂದಿತು. ಇಬ್ಬರೂ ಸಂಡಿಗೆಯ ಮೇಲೆಯೇ ಇಳಿದೆವು. ಅವನ ಪಾದ ಉಳುಕಿತು, ನನ್ನದು ಗಡಿಯಾರವಷ್ಟೇ. ಆದರೆ ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಕಟ್ಟೆಗೋಡೆ ಕೆಳಗೆ ಸರಿಯುತ್ತಿತ್ತು, ಬೀದಿ ಬಾಯಿ ತೆರೆಯುತ್ತಿತ್ತು. ಹೆದರಿಕೆಯೊಳಗೂ ಒಂದು ಮುಳ್ಳು ಇತ್ತು: ಅವನಿಗೆ ಕಂಡದ್ದು ಆಕಾಶ, ನನಗೆ ಕಂಡದ್ದು ಅವನ ಒಡೆದ ಹಿಮ್ಮಡಿ. ನಲವತ್ತು ವರ್ಷದ ಹಿಂದೆ ಗುಡ್ಡದ ಕೆಳಗೆ ನಿಂತಾಗ ಕಂಡದ್ದೂ ಅದೇ ಹಿಮ್ಮಡಿ.

ಸೋಮವಾರ ಸುಮತಿ ಬಂದಳು. ಬಟ್ಟೆ ಮುಟ್ಟಿ, ಮೂಸಿ, ಮೆಲ್ಲಗೆ ಕೇಳಿದಳು, “ಅಮ್ಮಾ, ಇದಕ್ಕೇನು ಹಾಕಿದಿರಿ?”

“ಅಕ್ಕಿ ಗಂಜಿ. ಚೂರು ನೀಲಿನೂ ಹಾಕೀನವ್ವ,” ಎಂದಳು ಗೌರಕ್ಕ ಹೆಮ್ಮೆಯಿಂದ. ಹುಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಹಾರಿದರಾ ಬಿದ್ದರಾ ಎಂದು ಮತ್ತೆ ಕೇಳಿದಳು. ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ರುದ್ರಣ್ಣ ನನ್ನ ಕಡೆ ನೋಡಲಿಲ್ಲ.

“ಹಾರಿದ,” ಎಂದೆ. “ಗುಡ್ಡದ ಕೆಳಗೆ ಕುರಿಹಿಂಡು ಮೇಯುತ್ತಿತ್ತು. ಅವನ ನೆರಳು ಹಿಂಡಿನ ಈ ಬದಿಯಿಂದ ಆ ಬದಿಗೆ ಓಡಿತು, ಕುರಿಗಳು ಎರಡು ಪಾಲಾದವು. ಬೀಳುವವನ ನೆರಳು ಹಾಗೆ ಹಿಂಡು ದಾಟುವುದಿಲ್ಲ. ನನಗೆ ಅವತ್ತೇ ಗೊತ್ತಿತ್ತು. ಹೇಳಲು ಮನಸ್ಸಿರಲಿಲ್ಲ.”

ರುದ್ರಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಸುಮತಿ ಎಲ್ಲವನ್ನೂ ಬರೆದುಕೊಂಡು, ಶನಿವಾರದ ಕಥೆಯನ್ನೂ ಕೇಳಿಕೊಂಡು, ಮುರಿದ ಬಿದಿರಿನ ಸಮೇತ ರೆಕ್ಕೆಯನ್ನು ಒಯ್ದಳು. ಸತ್ಯ ಹೇಳಿದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ನನಗಂತೂ ಬರಲಿಲ್ಲ.

ದಸರೆಯ ಹೊತ್ತಿಗೆ ರೆಕ್ಕೆಯ ಪಕ್ಕ ತೂಗುಹಾಕುವ ಬರಹವನ್ನು ಅವಳು ಇಬ್ಬರ ಮೊಬೈಲಿಗೂ ಕಳಿಸಿದಳು. ನಾನು ಓದುವಷ್ಟರಲ್ಲೇ ರುದ್ರಣ್ಣನ ಫೋನ್.

“ಓದಿದೇನು? ಗುಡ್ಡದಿಂದ ಹಾರಿದಾವಗ ನಾಕು ಸಾಲು. ಕಾಲಿಗೆ ಜೋತುಬಿದ್ದಾವಗ ಆರು ಸಾಲು! ಇಬ್ಬರನ್ನ ಎತ್ತಿದ ರೆಕ್ಕಿ ಅಪರೂಪಂತ. ಮ್ಯಾಲ ನಿನ್ನ ಫೋಟೋ ಬ್ಯಾರೆ ಕೇಳ್ಯಾಳ. ನೀ ಏನು ಹಾರಿದೆಪಾ? ಬರೇ ಹಿಡಕೊಂಡಿದ್ದಿ!”

“ಹೋಗಲಿ ಬಿಡಣ್ಣಾ, ಹುಡುಗಿ ಬರೆದದ್ದು.”

“ಹೆಂಗ ಬಿಡ್ಲಿ? ಹೊಟ್ಟ್ಯಾಗ ಬೆಂಕಿ ಬಿದ್ದಂಗಾಗೇತಿ. ಇವತ್ತು ನನಗ ನಿದ್ದಿ ಬರಂಗಿಲ್ಲ ನೋಡು.”

ನಾನು ಅವನನ್ನು ಬಹಳ ಸಮಾಧಾನ ಮಾಡಿದೆ. ಊಟ ಮುಗಿಸಿ ಮಲಗಿದೆ. ಎದ್ದಾಗ ಬಿಸಿಲು ಬಂದಿತ್ತು. ನಡುವೆ ಒಂದು ಸಲವೂ ಎಚ್ಚರವಾಗಲಿಲ್ಲವೆಂದೂ, ಗೊರಕೆ ಕೇಳಿ ತನಗೇ ನಿದ್ದೆ ಬರಲಿಲ್ಲವೆಂದೂ ನೀಲಮ್ಮ ಹೇಳಿದಳು.